ಬೆನ್ನಿಗೆ ಬೆನ್ನು

ಸ್ಟವ್ ಎದುರಿಗೇ ನಿಂತಿದ್ದರೂ ಹಾಲು ತಳ ಹಿಡಿದದ್ದು ಅವಳಿಗೆ ತಿಳಿಯಲಿಲ್ಲ. ಬಚ್ಚಲಮನೆಯಿಂದ ಅಕ್ಕನ ಮಗಳು ಗುಬ್ಬಿ “ಚಿಕ್ಕಮ್ಮಾ, ಏನೋ ಸೀದು ಹೋಗ್ತಿದೆ ನೋಡೇ” ಎಂದು ಕೂಗಿದ ಮೇಲೆಯೇ ಅವಳು ಪಾತ್ರೆಯೊಳಗೆ ಕಣ್ಣು ಹಾಯಿಸಿದ್ದು. ಅಂಚಿನಲ್ಲಿ ಕಂದುಬಣ್ಣದ ಕೆನೆ ಗುಳ್ಳೆಯೆದ್ದು ಒಡೆಯುತ್ತಿತ್ತು. ಉರಿ ಆರಿಸಿ, ಪಾತ್ರೆಯನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟು, ಮೇಲೆದ್ದ ಹಬೆಗೆ ಮುಖವೊಡ್ಡಿ ನಿಂತಳು. ಬಿಸಿ ತಾಗಿತು, ತೇವ ತಾಗಿತು. ಅಷ್ಟೇ. ಗುಬ್ಬಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದು ಕಿಟಕಿಗಳನ್ನೆಲ್ಲ ದಡಬಡ ತೆರೆದಳು. “ಊರಿಗೆಲ್ಲ ಮೂಗು ನೀನು, ಮನೆ ಹಾಲು ಸೀದರೆ ನಾನು ಬಂದು ಹೇಳ್ಬೇಕು. ಆಫೀಸಲ್ಲಿ ಹೇಳಿದ್ರೆ ಯಾರೂ ನಂಬಲ್ಲ ಬಿಡು.” ಅವಳು ನಕ್ಕಳು. ಏನೋ ಯೋಚನೆಯಲ್ಲಿದ್ದೆ ಎಂದಳು. ಈ ನಾಲ್ಕೈದು ತಿಂಗಳಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ, ಮನೆಯಲ್ಲಿ ತಾನು ಮಹಾ ಯೋಚನೆಯ ಹೆಂಗಸು ಎಂದು ಹೆಸರಾಗಿಬಿಟ್ಟಿತ್ತು.

ಅವಳ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಯಾವಾಗಲೂ ಕಷ್ಟವೇ. ಕಾರ್ಖಾನೆ, ಕಸದ ಗುಡ್ಡ, ಚರಂಡಿ ನೀರು ಶುದ್ಧ ಮಾಡುವ ಜಾಗ, ಎಲ್ಲಿಂದಾದರೂ ವಾಸನೆ ಬರುತ್ತದೆಂದು ಅಕ್ಕಪಕ್ಕದವರು ದೂರು ಕೊಟ್ಟರೆ, ಅಲ್ಲಿಗೆ ಹೋಗಿ ಮೂಸಿ, ಎಷ್ಟು ವಾಸನೆ ಎಂದು ಅಂಕಿಯಲ್ಲಿ ಹೇಳಬೇಕು. ಗಾಳಿಯ ವಿಷವನ್ನು ಅಳೆಯಲು ಯಂತ್ರಗಳಿವೆ, ಆದರೆ ನಾತವೆಂಬುದನ್ನು ಕೊನೆಗೂ ಮನುಷ್ಯರ ಮೂಗೇ ಹೇಳಬೇಕು, ಹಾಗೆಂದು ನಿಯಮವೇ ಇದೆ. ಅದಕ್ಕಾಗಿ ಅವಳ ಮನೆಯಲ್ಲಿ ಘಮಘಮಿಸುವ ಸೋಪಿಲ್ಲ, ಎಣ್ಣೆಯಿಲ್ಲ, ಕೆಲಸದ ದಿನ ಕಾಫಿಯಿಲ್ಲ. ಎರಡು ವರ್ಷದಿಂದ ಇಲ್ಲಿದ್ದು ಓದಿದ ಗುಬ್ಬಿ, “ಈ ಮನೇಲಿ ಮೂಗಿಗೇ ಪೂಜೆ, ಮಿಕ್ಕ ಅಂಗಗಳಿಗೆ ಉಪವಾಸ” ಎಂದು ತನ್ನಮ್ಮನಿಗೆ ಫೋನಿನಲ್ಲಿ ಹೇಳಿ ನಗಿಸುತ್ತಿದ್ದಳು. ಪರಿಸರ ವಿಜ್ಞಾನ ಓದಿ ನೀನು ಏನಾಗಬೇಕೆಂದಿದ್ದೆ ಚಿಕ್ಕಮ್ಮ, ಎಂದು ಒಮ್ಮೆ ಕೇಳಿದ್ದಳು. ನದಿ ಉಳಿಸಬೇಕೆಂದಿದ್ದೆ ಎಂದು ಹೇಳಲು ನಾಚಿಕೆಯಾಗಿ, ಕೆಲಸ ಸಿಕ್ಕರೆ ಸಾಕೆಂದಿದ್ದೆ ಎಂದಿದ್ದಳು. ಅವಳ ಕಾಲದಲ್ಲಿ ತರಗತಿಯಲ್ಲಿದ್ದದ್ದೇ ಹತ್ತೋ ಹನ್ನೊಂದೋ ಜನ. ಕಡಿದ ಮರದ ಬುಡ ಕಂಡರೆ ಕೂತು ಅಳುತ್ತಿದ್ದ ಹುಡುಗ, ಅವನನ್ನು ಎಲ್ಲರೂ ಕಣ್ಣೀರು ಎಂದೇ ಕರೆಯುತ್ತಿದ್ದರು, ಈಗ ಸಿಮೆಂಟ್ ಕಂಪನಿಯಲ್ಲಿ ವರ್ಷಕ್ಕೊಂದು ಹಸಿರು ಬಣ್ಣದ ಪುಸ್ತಕ ಬರೆಯುತ್ತಾನೆ, ಅದರಲ್ಲಿ ಎಲೆಗಳ ಚಿತ್ರಗಳಿರುತ್ತವೆ. ಮುಂದಿನ ಬೆಂಚಿನ ಜಾಣೆ ವಿಮೆ ಕಂಪನಿ ಸೇರಿ, ಯಾವ ಬೀದಿಗೆ ಯಾವಾಗ ನೆರೆ ಬರಬಹುದು ಎಂದು ಲೆಕ್ಕ ಹಾಕಿ ಕೊಡುತ್ತಾಳೆ; ಬೀದಿ ಉಳಿಸುವುದಕ್ಕಲ್ಲ, ಅಲ್ಲಿಯವರಿಗೆ ವಿಮೆ ಕೊಡಬಾರದೆಂದು. ಒಬ್ಬ ನೀರಿನ ಫಿಲ್ಟರ್ ಮಾರುತ್ತಾನೆ. ಒಬ್ಬಳು ಸರ್ಕಾರಿ ಕಚೇರಿಯಲ್ಲಿ ಅನುಮತಿಯ ಕಡತಗಳ ಮೇಲೆ ಮುದ್ರೆ ಒತ್ತುತ್ತಾಳೆ, ಸಿಕ್ಕಾಗಲೆಲ್ಲ ಮೊಣಕೈ ನೋವು ಎನ್ನುತ್ತಾಳೆ. ಯಾರೂ ಕೆಟ್ಟವರಾಗಲಿಲ್ಲ. ಮನೆ ಕಟ್ಟಿಸಿದರು, ಮಕ್ಕಳ ಹಲ್ಲಿಗೆ ತಂತಿ ಹಾಕಿಸಿದರು. ನಿಮಗೆ ಕೆಲಸ ಸಿಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಿದ್ದೆ ಮಾತ್ರ ಬರಲ್ಲ, ಎಂದು ಕೊನೆಯ ದಿನ ಮೇಷ್ಟ್ರು ಹೇಳಿದ್ದರು. ಅವರ ಮಾತೂ ತಪ್ಪಾಯಿತು. ದಿನದ ಕೊನೆಗೆ ದಿಂಬಿಗೆ ತಲೆಯಿಟ್ಟರೆ ಅವಳಿಗೆ ಕಲ್ಲಿನಂಥ ನಿದ್ದೆ. ಆ ಗುಂಪಿನಲ್ಲೆಲ್ಲ ತಾನು ಮಾಡುವುದೊಂದೇ ನೇರವಾದ ಕೆಲಸ ಎಂಬ ಸಣ್ಣ ಜಂಬವೊಂದಿತ್ತು ಅವಳಿಗೆ, ಯಾರಿಗೂ ಕಾಣದ ಒಳಜೇಬಿನಲ್ಲಿ ಇಟ್ಟುಕೊಂಡಂತೆ. ನಾತ ಇದ್ದರೆ ಇದೆ ಎನ್ನುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು. ಕಂಪನಿ ಯಾರಿಂದ ಹಣ ಪಡೆದರೂ ಮೂಗು ಯಾರ ಋಣದಲ್ಲೂ ಇಲ್ಲ.

ಆ ಮೂಗೇ ಹೋಗಿತ್ತು. ಒಂದು ಜ್ವರ ಬಂದು ಬಿಟ್ಟ ಮೇಲೆ ಮೊದಲು ಹೂವು ಹೋಯಿತು, ಆಮೇಲೆ ಸೀಮೆಎಣ್ಣೆ, ಆಮೇಲೆ ಎಲ್ಲವೂ. ನರ ದಣಿದಿದೆ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಇನ್ನೊಬ್ಬ ರೋಗಿಯ ಎಕ್ಸ್‌ರೇ ನೋಡುತ್ತ ಹೇಳಿದರು. ದಣಿದದ್ದು ನರವೊಂದೇ ಅಲ್ಲ ಡಾಕ್ಟ್ರೇ ಎನ್ನಬೇಕೆನ್ನಿಸಿತ್ತು. ಆಫೀಸಿನಲ್ಲಿ ಹೇಳಲು ಹೊರಟವಳು ಮ್ಯಾನೇಜರನ ಬಾಗಿಲವರೆಗೆ ಹೋಗಿ, ಒಳಗೆ ಯಾರೋ ಇದ್ದುದರಿಂದ ವಾಪಸು ಬಂದಳು. ಮರುದಿನ ಒಳಗೆ ಯಾರೂ ಇರಲಿಲ್ಲ, ಆದರೂ ವಾಪಸು ಬಂದಳು. ಈ ವಯಸ್ಸಿನಲ್ಲಿ, ಬೇರೇನೂ ಬಾರದ ಹೆಂಗಸನ್ನು, ಮೂಗಿಲ್ಲದ ಮೂಗನ್ನು, ಯಾರು ಇಟ್ಟುಕೊಳ್ಳುತ್ತಾರೆ? ಲ್ಯಾಬಿನ ಪರೀಕ್ಷೆಯಲ್ಲಿ ಮೂರು ಸೀಸೆ ಇಡುತ್ತಾರೆ, ಒಂದರಲ್ಲಿ ವಾಸನೆ, ಎರಡರಲ್ಲಿ ಬರೀ ಗಾಳಿ. ತನಗಿಂತ ಮುಂಚೆ ಮೂಸಿದವರ ಹುಬ್ಬು ಯಾವ ಸೀಸೆಗೆ ಗಂಟಾಗುತ್ತದೆಂದು ನೋಡಿ ಹೇಳಿದಳು. ಸರಿಯಾಯಿತು. ಮನುಷ್ಯರ ಮುಖ ಇಷ್ಟು ಓದಲು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಬೇರೆ ಏನಾದರೂ ಆಗಬಹುದಿತ್ತು. ಒಂದು ಸಲ ಮಾತ್ರ, ಕಸದ ಗುಡ್ಡದ ಹತ್ತಿರ, ಇಷ್ಟು ಕಸ ಇದ್ದ ಮೇಲೆ ಇದ್ದೇ ಇರುತ್ತದೆಂದು ಐದಕ್ಕೆ ಮೂರು ಬೆರಳು ಎತ್ತಿಬಿಟ್ಟಿದ್ದಳು. ಜೊತೆಗಿದ್ದವನದು ಸೊನ್ನೆ, ಗಾಳಿ ಆಚೆ ಕಡೆಗಿತ್ತಂತೆ. “ಇತ್ತೀಚೆಗೆ ನಿಮ್ಮ ಮೂಗು ಸ್ವಲ್ಪ ಓವರ್‌ಟೈಮ್ ಮಾಡ್ತಿದೆಯಲ್ಲ” ಎಂದು ಮ್ಯಾನೇಜರ್ ನಗುತ್ತಲೇ ಹೇಳಿದ್ದ. ಆ ನಗೆ ಇನ್ನೂ ಬೆನ್ನಮೇಲೆ ಹರಿದಾಡುವ ಇರುವೆಯಂತಿತ್ತು.

ವ್ಯಾನಿನಲ್ಲಿ ಗುಬ್ಬಿ ಹಿಂದಿನ ಸೀಟಿನಲ್ಲಿ ಕೈಗಳನ್ನು ತೊಡೆಯ ಮಧ್ಯೆ ಒತ್ತಿಕೊಂಡು ಕೂತಿದ್ದಳು. ಆಫೀಸಿನ ಹೊಸ್ತಿಲು ದಾಟಿದೊಡನೆ ಚಿಕ್ಕಮ್ಮ ಮೇಡಂ ಆಗುತ್ತಿದ್ದಳು. ಅದು ಗುಬ್ಬಿಯೇ ಮಾಡಿಕೊಂಡ ನಿಯಮ. ಇವತ್ತು ಅವಳ ಕೊನೆಯ ಪರೀಕ್ಷೆ. ಮೂರು ತಿಂಗಳ ತರಬೇತಿ ಮುಗಿದಿತ್ತು; ಇವತ್ತು ಅವಳ ಅಂಕಿಗಳು ಹಿರಿಯ ಮೂಗಿನ, ಎಂದರೆ ಚಿಕ್ಕಮ್ಮನ, ಅಂಕಿಗಳಿಗೆ ಹೊಂದಿಕೊಂಡರೆ ಕೆಲಸ ಕಾಯಂ. ಅವಳ ಜೊತೆ ಓದಿದವರಲ್ಲಿ ಕೆಲಸ ಹತ್ತಿರ ಬಂದದ್ದು ಇವಳೊಬ್ಬಳಿಗೇ, ಉಳಿದವರು ಇನ್ನೂ ಅರ್ಜಿ ಹಾಕುತ್ತಿದ್ದರು. “ಮೇಡಂ ಜೊತೆ ಹೊಂದಿಕೊಳ್ಳೋದು ಕಷ್ಟಾನಮ್ಮ,” ಎಂದ ಮುಂದಿನ ಸೀಟಿನಲ್ಲಿದ್ದ ಸೀಟಿ ಮಾಸ್ತರ. “ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಇವರು ಇಲ್ಲ ಅಂದ್ರೆ ಅಲ್ಲಿ ಹೆಣ ಇದ್ರೂ ಇಲ್ಲ.” ಅವನ ಕೆಲಸ ಸೀಟಿ ಊದುವುದು, ಬೆರಳೆಣಿಸಿ ಬರೆದುಕೊಳ್ಳುವುದು. ಹೂದೋಟಕ್ಕೆ ಕರೆದೊಯ್ದರೂ ವ್ಯಾನಿನಿಂದ ಇಳಿಯುವ ಮೊದಲೇ ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುವ ಮನುಷ್ಯ. ಆದ್ದರಿಂದ ಅವನ ಕರ್ಚೀಫಿನಿಂದ ಏನೂ ತಿಳಿಯುವಂತಿರಲಿಲ್ಲ. ನೀನಿಲ್ಲದಿದ್ದರೆ ನಾನು ಈ ಕೋರ್ಸೇ ತಗೊಳ್ತಿರಲಿಲ್ಲ ಎಂದು ಗುಬ್ಬಿ ಯಾವತ್ತೋ ಹೇಳಿದ್ದಳು. ಹೇಳಿದ್ದು ಕೃತಜ್ಞತೆಯಿಂದ. ಕೇಳಿಸಿಕೊಂಡವಳಿಗೆ ಅದು ಹೊರೆಯೆನ್ನಿಸಿತ್ತು. ಅಕ್ಕ ಮಾತ್ರ, “ಅವಳನ್ನೂ ನಿನ್ನ ಥರ ಗಾಳಿ ಮೂಸೋಕೆ ಹಚ್ಚಬೇಡ್ವೇ” ಎಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಹೇಳಿದ್ದಳು.

ಮೂಳೆ ಬೇಯಿಸಿ ಅಂಟು ತಯಾರಿಸುವ ಕಾರ್ಖಾನೆಯ ಹಿಂಬದಿಯ ಬೀದಿ ಅದು. ಒಂದೇ ಅಚ್ಚಿನ ಸಣ್ಣ ಮನೆಗಳು, ಎಲ್ಲದರ ಕಿಟಕಿಗಳೂ ಮುಚ್ಚಿದ್ದವು. ತಂತಿಯ ಮೇಲೆ ಒಂದು ಬಟ್ಟೆಯೂ ಒಣಗುತ್ತಿರಲಿಲ್ಲ. ಅದನ್ನೇ ನೋಡುತ್ತ ನಿಂತಳು. ಇಷ್ಟು ಬಿಸಿಲಿದ್ದೂ ಒಂದು ಬೀದಿಯ ಜನರೆಲ್ಲ ಬಟ್ಟೆಯನ್ನು ಒಳಗೇ ಒಣಗಿಸಿಕೊಳ್ಳುತ್ತಾರೆಂದರೆ ಇನ್ನೇನು ಬೇಕು? ಆದರೆ ಕಣ್ಣಿನ ಸಾಕ್ಷಿ ಇಲ್ಲಿ ನಡೆಯುವುದಿಲ್ಲ, ಅವಳೇ ಎಷ್ಟೋ ಹೊಸಬರಿಗೆ ಪಾಠ ಹೇಳಿದ್ದಾಳೆ: ಕಣ್ಣು ಹೇಳಿದ್ದನ್ನು ಮೂಗಿನ ಬಾಯಲ್ಲಿ ಹೇಳಿಸಬೇಡಿ. ಗುಬ್ಬಿಯತ್ತ ಕಳ್ಳನೋಟ ಬೀರಿದಳು. ಮುಖ ಕಲ್ಲಾಗಿತ್ತು. ವ್ಯಾನಿನಿಂದ ಇಳಿದ ಮೇಲೆ ಮುಖ ಏನನ್ನೂ ಹೇಳಬಾರದು, ಹಾಗೆಂದು ಕಲಿಸಿದವಳೂ ತಾನೇ. ಅಯ್ಯೋ, ಎಷ್ಟು ಚೆನ್ನಾಗಿ ಕಲಿತುಬಿಟ್ಟಿದೆ ಹುಡುಗಿ.

ಇಬ್ಬರೂ ಬೀದಿಯ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ಒಬ್ಬರ ಮುಖ ಒಬ್ಬರಿಗೆ ಕಾಣಬಾರದೆಂದು ಹೀಗೆ ನಿಲ್ಲುವುದು. ಪಕ್ಕದಲ್ಲಿ ನಿಂತ ಮಾಸ್ತರ ಸೀಟಿ ಊದಿದಾಗ ಎದೆಯ ಮಟ್ಟಕ್ಕೆ ಕೈಯೆತ್ತಿ ಬೆರಳು ತೋರಿಸಬೇಕು, ಐದು ಎಂದರೆ ನಿಲ್ಲಲಾಗದಷ್ಟು, ಕೈ ಎತ್ತದಿದ್ದರೆ ಸೊನ್ನೆ. ಗುಬ್ಬಿಯ ಬೆನ್ನು ತೆಳ್ಳಗೆ, ಬೆಚ್ಚಗೆ, ತನ್ನ ಬೆನ್ನಿಗೆ ಒರಗಿತ್ತು. ಚಿಕ್ಕವಳಿದ್ದಾಗ ಇದೇ ಬೆನ್ನು ನಿದ್ದೆಯಲ್ಲಿ ಹೊರಳಿ ಬಂದು ತನಗೆ ಅಂಟಿಕೊಳ್ಳುತ್ತಿತ್ತು. ಆಗ ಅದಕ್ಕೊಂದು ವಾಸನೆಯಿತ್ತು, ಬಿಸಿಲಿಗೆ ಒಣಗಿದ ಹತ್ತಿಯದು, ಸ್ವಲ್ಪ ಪೆನ್ಸಿಲಿನದು. ಅವಳು ಯೋಜನೆ ಹಾಕಿಕೊಂಡಿದ್ದಳು. ಯೋಜನೆಯೆನ್ನಲು ನಾಚಿಕೆಯಾಗುವಂಥ ಯೋಜನೆ. ಕೈ ಎತ್ತಿದರೆ ಭುಜ ಅಲುಗುತ್ತದೆ. ಬೆನ್ನಿಗೆ ಬೆನ್ನಿದ್ದರೆ ಅದು ತಿಳಿಯುತ್ತದೆ. ಎಷ್ಟು ಬೆರಳೆಂದು ತಿಳಿಯದಿದ್ದರೂ, ಭುಜ ಏಳುವ ಬಿರುಸಿನಿಂದ ಅಂದಾಜು ಮಾಡಬಹುದು. ಗುಬ್ಬಿಯ ಭುಜ ಎದ್ದರೆ ತಾನೂ ಎತ್ತುವುದು, ಮೂರು ಎನ್ನುವುದು. ಹೆಚ್ಚು ಕಡಿಮೆಯಾದರೂ ಒಂದರ ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ. ಹುಡುಗಿಗೆ ಕೆಲಸ, ತನಗೆ ಇನ್ನೊಂದು ತಿಂಗಳು.

ಸೀಟಿ ಬಿತ್ತು. ಅವಳು ಉಸಿರು ಒಳಗೆಳೆದುಕೊಂಡಳು. ಗಾಳಿ ತಣ್ಣಗೆ ಒಳಗೆ ಹೋಗಿ, ಖಾಲಿ ಮನೆಯೊಳಗೆ ಹೊಕ್ಕವರಂತೆ ಸುತ್ತಾಡಿ, ಯಾರೂ ಇಲ್ಲವೆಂದು ಹೊರಬಂತು. ಕಾದಳು. ಬೆನ್ನ ಹಿಂದಿನ ಭುಜ ಅಲುಗಲಿಲ್ಲ. ಉಸಿರು ಕೂಡ ಬಿಗಿಹಿಡಿದಂತಿತ್ತು. ಇಲ್ಲ, ಹಾಗಾದರೆ ಏನೂ ಇಲ್ಲ, ಗಾಳಿ ಆಚೆ ಕಡೆಗಿದೆ. ಎರಡನೆಯ ಸೀಟಿ. ಮತ್ತೆ ಇಲ್ಲ. ಬಿಸಿಲು ಕತ್ತಿನ ಹಿಂಭಾಗವನ್ನು ಸುಡುತ್ತಿತ್ತು, ಮೊಣಕಾಲು ಜೋಮು ಹಿಡಿಯುತ್ತಿತ್ತು. ಗುಬ್ಬಿಯ ಬೆನ್ನು ಬೆವರಿ ತನ್ನ ರವಿಕೆಯ ಬಟ್ಟೆಯೂ ಒದ್ದೆಯಾಗಿತ್ತು. ಒಂದು ಸಲ ಆ ಬೆನ್ನು ಸಣ್ಣಗೆ ನಡುಗಿದಂತಾಯಿತು, ಭುಜ ಏಳಲು ಹೊರಟು ನಿಂತಂತೆ. ಏಳು, ಎಂದುಕೊಂಡಳು ಅವಳು. ಏಳಲಿಲ್ಲ. ಸೀಟಿ, ಕಾಯುವುದು, ಸೀಟಿ. ಕೊನೆಗೆ ಮಾಸ್ತರ ಕರ್ಚೀಫಿನೊಳಗಿಂದಲೇ, “ಆಯ್ತು ಬಿಡಿ. ಇವರದೂ ಎಲ್ಲ ಸೊನ್ನೆ, ಅವರದೂ ಎಲ್ಲ ಸೊನ್ನೆ. ಕಣ್ಣು ಮುಚ್ಕೊಂಡು ಕೆಲಸ ಕೊಡಬಹುದು ಈ ಹುಡುಗಿಗೆ” ಎಂದ. ಗುಬ್ಬಿ ತಿರುಗಿದಳು. ಮುಖ ಬಿಳಿಚಿತ್ತು. ನಗಲು ನೋಡಿದಳು, ಆಮೇಲೆ ಚರಂಡಿಯ ಪಕ್ಕಕ್ಕೆ ಹೋಗಿ ಕೂತು ಉಗುಳಿದಳು. ಬಿಸಿಲಿಗೆ ಹೀಗಾಯ್ತು ಎಂದಳು.

ಎದುರು ಮನೆಯ ಬಾಗಿಲು ತೆರೆದು ಒಬ್ಬ ಹೆಂಗಸು ಹೊರಬಂದಳು. ಎಲ್ಲಿಗೋ ಹೊರಟವಳಂತೆ ಅಚ್ಚುಕಟ್ಟಾಗಿ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆಯುಟ್ಟಿದ್ದಳು. ಬಾಗಿಲನ್ನು ಹಿಂದೆಯೇ ಬೇಗ ಎಳೆದು ಮುಚ್ಚಿದಳು. “ನೀವೇ ಅಲ್ವಾ ವಾಸನೆ ನೋಡೋಕೆ ಬಂದಿರೋ ಮೇಡಮ್ಮು? ದೂರು ಕೊಟ್ಟಿದ್ದು ನಾನೇ. ಮೂರು ಸಲ ಕೊಟ್ಟೆ. ನಿಮಗೆ ಮನೋರೋಗ ಅಂದ್ರು ಒಬ್ರು.” ಮಾಸ್ತರ ಏನೋ ಹೇಳಲು ಬಾಯಿ ತೆರೆದ. ಹೆಂಗಸು ಅವನತ್ತ ತಿರುಗಲೂ ಇಲ್ಲ. “ನಿಮ್ಮ ರಿಪೋರ್ಟು ಏನಾದ್ರೂ ಆಗ್ಲಿ ಅಕ್ಕಾ, ಅದನ್ನ ಕೇಳಲ್ಲ. ಒಂದು ಸಣ್ಣ ಉಪಕಾರ. ಮಗಳ ಸ್ಕೂಲಲ್ಲಿ ಮೀಟಿಂಗಿದೆ, ಹೋಗ್ತಿದೀನಿ. ಹೋದ ಸಲ ಪಕ್ಕದಲ್ಲಿ ಕೂತೋರು ಎದ್ದು ಬೇರೆ ಕುರ್ಚಿಗೆ ಹೋದ್ರು. ಮಗಳು ನೋಡಿಬಿಟ್ಳು. ಈ ಸಲ ಬರಲೇಬೇಡ ಅಂದಿದಾಳೆ.” ಹೆಂಗಸು ನಕ್ಕಳು, ತುಟಿಯ ಒಂದು ಅಂಚಿನಲ್ಲಿ. “ಇಲ್ಲೇ ಇದ್ದೂ ಇದ್ದೂ ನಮಗೆ ನಮ್ಮದು ಗೊತ್ತಾಗಲ್ಲ. ನಿಮ್ಮದು ಪಳಗಿದ ಮೂಗಂತೆ. ಸ್ವಲ್ಪ ಮೂಸಿ ಹೇಳ್ತೀರಾ, ನನ್ನ ಬಟ್ಟೆಗೆ ವಾಸನೆ ಇದೆಯಾ ಅಂತ? ನೀವಾದ್ರೂ ನಿಜ ಹೇಳಿ.” ಹೀಗೆಂದು, ಮಕ್ಕಳು ಗಾಯ ತೋರಿಸುವಂತೆ, ಭುಜವನ್ನು ಮುಂದೆ ಚಾಚಿ ನಿಂತಳು.

ಅವಳು ಬಗ್ಗಿದಳು. ಇನ್ನೊಬ್ಬ ಹೆಂಗಸಿನ ಕುತ್ತಿಗೆಯ ಅಷ್ಟು ಹತ್ತಿರ ಹೋದದ್ದು ಯಾವಾಗಲೋ. ಬಟ್ಟೆಯ ನೂಲು ಕಂಡಿತು, ಕಿವಿಯ ಹಿಂದೆ ಸರಿಯಾಗಿ ಹರಡದ ಪೌಡರು ಕಂಡಿತು, ಬಡಿಯುತ್ತಿದ್ದ ಒಂದು ನರ ಕಂಡಿತು. ಇಲ್ಲ ಎಂದರೆ ಈಕೆ ಖುಷಿಯಾಗಿ ಹೋಗುತ್ತಾಳೆ. ಇಲ್ಲ ಎನ್ನುವುದು ಸುಳ್ಳೂ ಅಲ್ಲ. ಮೂಗು ಏನನ್ನೂ ಹೇಳುತ್ತಿಲ್ಲ, ಇಪ್ಪತ್ತು ವರ್ಷ ಅದು ಹೇಳಿದ್ದನ್ನೇ ಅಲ್ಲವೇ ತಾನು ಹೇಳಿಕೊಂಡು ಬಂದದ್ದು. ಇಂಥ ಪ್ರಾಮಾಣಿಕವಾದ ಸುಳ್ಳು ಯಾರಿಗೆ ಸಿಗುತ್ತದೆ? ಆಮೇಲೆ ಸ್ಕೂಲಿನ ಮೀಟಿಂಗಿನಲ್ಲಿ ಯಾವುದೋ ಕುರ್ಚಿ ಸದ್ದು ಮಾಡಿಕೊಂಡು ಸರಿಯುತ್ತದೆ. ಒಬ್ಬಳು ಹುಡುಗಿ ತಲೆ ತಗ್ಗಿಸುತ್ತಾಳೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಗುಬ್ಬಿಯ ಮುಖ ಕಣ್ಣಂಚಿಗೆ ಬಿತ್ತು. ಈಗ ಪರೀಕ್ಷೆ ಮುಗಿದಿದ್ದರಿಂದ ಆ ಮುಖ ಕಲ್ಲಾಗಿರಲಿಲ್ಲ. ಮೂಗಿನ ಹೊಳ್ಳೆಗಳು ಬಿಗಿದುಕೊಂಡಿದ್ದವು. ಅವಳು ತಲೆಯೆತ್ತಿದಳು.

“ಗುಬ್ಬಿ, ನೀನು ಹೇಳು.”

“ನಾನೇನು ಹೇಳೋದು ಮೇಡಂ, ನೀವು…”

“ನನಗೆ ವಾಸನೆ ಗೊತ್ತಾಗಲ್ಲ ಕಣೇ. ತಿಂಗಳುಗಳೇ ಆಯ್ತು. ಯಾವುದೂ ಗೊತ್ತಾಗಲ್ಲ.”

ಎಷ್ಟೋ ಸಲ ಮ್ಯಾನೇಜರನ ಬಾಗಿಲಲ್ಲಿ ಅಭ್ಯಾಸ ಮಾಡಿದ್ದ ಮಾತು, ಹೀಗೆ ಬೀದಿಯ ನಡುವೆ, ಗೊತ್ತಿಲ್ಲದ ಹೆಂಗಸಿನ ಹೆಗಲ ಮೇಲಿಂದ ಬಿದ್ದುಬಿಟ್ಟಿತು. ಹಗುರಾಗಲಿಲ್ಲ. ಗುಬ್ಬಿ ಅವಳನ್ನೇ ನೋಡುತ್ತಿದ್ದಳು, ಹಾಲಿನಿಂದ ಹಿಡಿದು ಎಲ್ಲವನ್ನೂ ಹಿಂದಕ್ಕೆ ಓದಿಕೊಳ್ಳುತ್ತಿರುವಂತೆ. “ಹಾಗಾದ್ರೆ ಅಲ್ಲಿ ನಿಂತಾಗ?” ಎಂದಳು. “ನಾನು ನಿನ್ನ ಭುಜಕ್ಕೆ ಕಾಯ್ತಿದ್ದೆ ಚಿಕ್ಕಮ್ಮ. ವಾಂತಿ ಬರೋ ಹಾಗಿತ್ತು ನಂಗೆ, ಮೊದಲ್ನೇ ಸೀಟಿಗೇ. ನೀನು ಅಲುಗಲೇ ಇಲ್ಲ. ನಂದೇ ತಪ್ಪೇನೋ, ನಂದು ಓವರ್ ಆಗಿದೆಯೇನೋ ಅಂತ… ನೀನು ಎತ್ತಿದ್ರೆ ಎತ್ತೋಣ ಅಂತ ಇದ್ದೆ.”

“ನಾನೂ ನಿನ್ನ ಭುಜಕ್ಕೇ ಕಾಯ್ತಿದ್ದೆ.”

ಆ ಮನೆಯ ಹೆಂಗಸು ಒಬ್ಬರಿಂದ ಒಬ್ಬರಿಗೆ ನೋಡಿ, “ಚೆನ್ನಾಗಿದೆ ನಿಮ್ಮ ಆಫೀಸು” ಎಂದಳು. “ಮೂಗೇ ಇಲ್ದೋರನ್ನ ಮೂಸೋಕೆ ಕಳ್ಸಿದಾರೆ.” ಮತ್ತೆ ಗುಬ್ಬಿಗೆ, ತಣ್ಣನೆಯ ದನಿಯಲ್ಲಿ, “ಇದೆ ಅಲ್ವಾಮ್ಮ?” ಎಂದಳು. ಗುಬ್ಬಿ ನೆಲ ನೋಡುತ್ತ, ಇದೆ ಆಂಟಿ, ಎಂದಳು. ಚಿಕ್ಕಮ್ಮನಿಗೆ ಬೇರೇನೂ ತೋಚದೆ ಹೆಗಲಿಗೆ ಹಾಕಿಕೊಂಡಿದ್ದ ತೆಳು ಶಾಲನ್ನು ತೆಗೆದು ಹೆಂಗಸಿನ ಮುಂದೆ ಹಿಡಿದಳು, ಇದನ್ನಾದರೂ ಹೊದ್ದುಕೊಂಡು ಹೋಗಿ ಎಂದಳು. ಹೆಂಗಸು ಅದನ್ನು ಮುಟ್ಟಲಿಲ್ಲ. “ಇಷ್ಟು ಹೊತ್ತು ಇಲ್ಲೇ ನಿಂತಿದ್ದೀರಲ್ಲ ಅಕ್ಕಾ. ಅದೂ ಈಗ ಅದೇ ಆಗಿರುತ್ತೆ. ನಿಮಗೆಲ್ಲಿ ಗೊತ್ತಾಗ್ಬೇಕು.” ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಸಹಿಸಬಹುದಿತ್ತು. ಶಾಲನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮಾಸ್ತರನ ಕಡೆ ತಿರುಗಿದಳು. ಬರೆದದ್ದನ್ನು ಹೊಡೆದುಹಾಕಿ, ಹಿರಿಯ ಮೂಗು ಕೆಲಸಕ್ಕೆ ಬಾರದು ಎಂದು ಬರೆಯಿರಿ ಎಂದಳು.

ಅವನು ಮೊದಲ ಸಲ ಕರ್ಚೀಫು ಕೆಳಗಿಳಿಸಿದ. ಮರುಕ್ಷಣವೇ ಮತ್ತೆ ಏರಿಸಿಕೊಂಡ. “ಮೇಡಂ, ಊಟ ಮಾಡಿ ಯೋಚನೆ ಮಾಡೋಣ. ಬಿಸಿಲು ಜಾಸ್ತಿ ಇದೆ.”

“ಬರೀರಿ.”

“ಬರೀಬಹುದು. ನಿಮ್ಮ ಕೆಲಸ ಹೋಗುತ್ತೆ, ಅದು ನಿಮ್ಮಿಷ್ಟ. ಈ ಹುಡುಗೀದು? ಮೂಸದೆ ನಿಮ್ಮನ್ನ ಕಾಪಿ ಹೊಡೆದಿದಾಳೆ ಅಂತ ಆಗುತ್ತಲ್ಲ. ಇನ್ನೊಂದು ಕಂಪನಿಯವರೂ ತಗೊಳ್ಳಲ್ಲ. ಈ ಕೆಲಸದಲ್ಲಿ ಸುದ್ದಿಗೆ ನಮಗಿಂತ ದೊಡ್ಡ ಮೂಗು.”

ಅದನ್ನು ಅವಳು ಯೋಚಿಸಿರಲಿಲ್ಲ. ನಿಜ ಹೇಳಿಬಿಟ್ಟರೆ ಅದರ ಬೆಲೆ ತಾನೊಬ್ಬಳೇ ತೆರುತ್ತೇನೆಂದು, ಎಲ್ಲ ದಣಿದವರಂತೆ, ಅಂದುಕೊಂಡಿದ್ದಳು. ಗುಬ್ಬಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ಅಕ್ಕನಿಗೆ ಏನು ಹೇಳುವುದು ಎಂಬುದು ಎಲ್ಲಕ್ಕಿಂತ ಮೊದಲು ತಲೆಗೆ ಬಂತು. ಇಂಥ ಹೊತ್ತಿನಲ್ಲೂ ಇಷ್ಟು ಚಿಲ್ಲರೆಯಾಗಿ ಯೋಚಿಸುತ್ತದಲ್ಲ ಈ ಮನಸ್ಸು ಎಂದು ತನ್ನ ಮೇಲೇ ಬೇಸರವಾಯಿತು. ಇರಲಿ, ಊಟ ಮಾಡಿ ಯೋಚಿಸೋಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಎಷ್ಟು ಸುಲಭದ ಮಾತು. ಕಣ್ಣೀರು, ವಿಮೆಯ ಜಾಣೆ, ಮುದ್ರೆಯ ಮೊಣಕೈ, ಎಲ್ಲರೂ ಯಾವುದೋ ಒಂದು ಮಧ್ಯಾಹ್ನ ಊಟ ಮಾಡಿ ಯೋಚಿಸಿದವರೇ ಇರಬೇಕು.

“ಇನ್ನೊಂದ್ಸಲ ಸೀಟಿ ಹೊಡೀರಿ ಸರ್,” ಎಂದಳು ಗುಬ್ಬಿ.

“ಇನ್ನೊಂದು ಮೂಗೆಲ್ಲಿದೆಯಮ್ಮ? ಒಂಟಿ ಮೂಗಿನ ಮಾತು ನಡೆಯಲ್ಲ. ನಿಯಮ.”

“ನಡೆಯದಿದ್ರೆ ಬೇಡ. ಹೊಡೀರಿ.”

ಗುಬ್ಬಿ ತಾನೇ ನಡೆದು ಹೋಗಿ ಬೀದಿಯ ನಡುವೆ, ಮೊದಲು ನಿಂತಿದ್ದ ಜಾಗದಲ್ಲೇ ನಿಂತಳು. ಹಿಂದೆ ಯಾರೂ ಇರಲಿಲ್ಲ. ಒರಗಿ ಅಭ್ಯಾಸವಾದ ಬೆನ್ನು ಒಂದು ಕ್ಷಣ ಹಿಂದಕ್ಕೆ ವಾಲಿ, ಏನೂ ಸಿಗದೆ, ತಾನೇ ನೆಟ್ಟಗಾಯಿತು. ಚಿಕ್ಕಮ್ಮ ಎರಡು ಹೆಜ್ಜೆ ಮುಂದಿಟ್ಟಳು. “ಬೇಡ,” ಎಂದಳು ಗುಬ್ಬಿ, ತಿರುಗದೆಯೇ. “ನೀನು ಅಲ್ಲೇ ಇರು.” ಸಿಟ್ಟಿತ್ತು ಆ ದನಿಯಲ್ಲಿ, ಬಹಳ ದಿನ ಆರದ ಸಿಟ್ಟು. ಮೇಡಂ ಎಂದೂ ಕರೆಯಲಿಲ್ಲ, ಚಿಕ್ಕಮ್ಮ ಎಂದೂ ಕರೆಯಲಿಲ್ಲ. ಚಿಕ್ಕಮ್ಮ ಎದುರು ಮನೆಯ ಮೆಟ್ಟಿಲಿನ ಮೇಲೆ ಕೂತಳು.

ಮಾಸ್ತರ ಗೊಣಗುತ್ತ ಸೀಟಿಯನ್ನು ಬಾಯಿಗಿಟ್ಟ. ಊದುವುದಕ್ಕೆ ಮೊದಲೇ ಗುಬ್ಬಿ ಉಸಿರೆಳೆದುಕೊಂಡಳು. ಇಷ್ಟು ವರ್ಷ ಬೀದಿಗಳಲ್ಲಿ ಬೆನ್ನು ಕೊಟ್ಟು ನಿಂತು ಯಾರ ಮುಖವನ್ನೂ ಆ ಗಳಿಗೆಯಲ್ಲಿ ಚಿಕ್ಕಮ್ಮ ನೋಡಿದ್ದಿಲ್ಲ. ಈಗ ನೋಡಿದಳು: ಹುಡುಗಿಯ ಮುಖ ಕಿವುಚಿಕೊಂಡಿತು, ಕಣ್ಣು ತುಂಬಿ ಬಂತು. ಆದರೂ ಉಸಿರನ್ನು ಅರ್ಧಕ್ಕೆ ಬಿಡಲಿಲ್ಲ, ಪೂರ್ತಿ ಎಳೆದುಕೊಂಡಳು. ಕೈ ಮೇಲೆದ್ದಿತು. ಐದೂ ಬೆರಳು. ಎದೆಯ ಮಟ್ಟಕ್ಕಲ್ಲ, ತಲೆಗಿಂತ ಮೇಲೆ, ಬೀದಿಗೆಲ್ಲ ಕಾಣುವಂತೆ. ಮುಚ್ಚಿದ ಒಂದು ಕಿಟಕಿ ಸ್ವಲ್ಪ ತೆರೆಯಿತು, ಇನ್ನೊಂದು ತೆರೆಯಿತು.

ಸ್ಕೂಲಿಗೆ ಹೊರಟ ಹೆಂಗಸು ಗೇಟಿನ ಹತ್ತಿರ ನಿಂತು ಆ ಕೈಯನ್ನೇ ನೋಡಿದಳು. ನಕ್ಕಳೋ ಅತ್ತಳೋ ಮೆಟ್ಟಿಲಿನಿಂದ ತಿಳಿಯುವಂತಿರಲಿಲ್ಲ. “ಹಾಗಾದ್ರೆ ನಮಗೇನೂ ಹುಚ್ಚಿಲ್ಲ,” ಎಂದಳು ತನ್ನಷ್ಟಕ್ಕೆ. ಬಟ್ಟೆ ಬದಲಾಯಿಸಲು ಒಳಗೆ ಹೋಗಲಿಲ್ಲ. ಒಳಗಿದ್ದ ಬಟ್ಟೆಗಳೂ ಅದೇ ಬೀರುವಿನವು. ಅದೇ ಇಸ್ತ್ರಿ ಬಟ್ಟೆಯಲ್ಲಿ, ತಲೆಯನ್ನು ಸ್ವಲ್ಪ ಹೆಚ್ಚೇ ಎತ್ತಿಕೊಂಡು, ಬೀದಿಯ ತುದಿಯ ಕಡೆ ನಡೆದಳು. ಮಾಸ್ತರ ಬರೆದುಕೊಳ್ಳಲೋ ಬೇಡವೋ ಎಂದು ಪೆನ್ನು ಹಿಡಿದು ನಿಂತಿದ್ದ. ಕೈ ಇಳಿಸು ಎಂದು ಯಾರೂ ಹೇಳಲಿಲ್ಲ, ಗುಬ್ಬಿಯೂ ಇಳಿಸಲಿಲ್ಲ.